ಗೋವಾದ ಕಾಲೇಜಲ್ಲಿ ಇಲೆಕ್ಷನ್‌ಗೆ ನಿಂತ ಅನುಭವ, ಮುಂದಿನ ವರ್ಷ ನಿಲ್ಲೋರು ಓದ್ಕೊಳ್ಳಿ

ನಮ್ಮದು ಮೂಲ ಗದಗ ಜಿಲ್ಲೆ ರೋಣ ತಾಲೂಕು. ಅಪ್ಪ ಗೌಂಡಿ ಕೆಲಸಕ್ಕೆ ಅಂತ ಗೋವಾಕ್ಕೆ ಬಂದು ಝುವಾರಿ ನಗರದಲ್ಲಿ ನೆಲೆ ನಿಂತವರು, ನಾನು ಹುಟ್ಟಿ ಬೆಳೆದಿದ್ದೆಲ್ಲಾ ಇಲ್ಲೇ. ದಕ್ಷಿಣ ಗೋವಾದ ಒಂದು ಕಾಲೇಜಲ್ಲಿ ಬಿಕಾಂ ಓದ್ತಿದೀನಿ, ಕಾಲೇಜಿನ ಹೆಸರು ಬೇಡ, ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗತ್ತೆ. ಈ ವರ್ಷ ಸ್ಟೂಡೆಂಟ್ಸ್ ಕೌನ್ಸಿಲ್‌ಗೆ ಜನರಲ್ ಸೆಕ್ರೆಟರಿ, ಎಲ್ಲರ ಬಾಯಲ್ಲಿ ಜಿಎಸ್, ಆ ಪೋಸ್ಟಿಗೆ ನಿಂತಿದ್ದೆ. ನಿಲ್ಲೋಕೆ ಮುಂಚೆ ಕಾಲೇಜಿನವರನ್ನ ಏನು ಬೇಕು ಅಂತ ಕೇಳೋ ಒಂದು ಸರ್ವೇನೂ ಮಾಡಿದ್ದೆ, ಅದೇ ಆಮೇಲೆ ಕುತ್ತಿಗೆಗೆ ಬಂತು. ಸೀನಿಯರ್ಸ್‌ನ ಕೇಳಿದ್ರೆ "ಫಾರ್ಮ್ ತುಂಬು, ಆಗತ್ತೆ" ಅಂತಾರೆ ಅಷ್ಟೇ. ಹಂಗೇನೂ ಆಗಲ್ಲ, ಅದಕ್ಕೇ ಬರೀತಿದೀನಿ.

ಊರ ಕಡೆಯವರಿಗೆ ಇದೆಲ್ಲಾ ವಿಚಿತ್ರ ಅನ್ಸತ್ತೆ. ಧಾರವಾಡದಲ್ಲಿ ಓದೋ ನನ್ನ ಮಾವನ ಮಗ "ಕಾಲೇಜಲ್ಲೂ ಓಟ್ ಹಾಕ್ತಾರಾ?" ಅಂತ ಕೇಳಿದ, ಕರ್ನಾಟಕದಲ್ಲಿ 1989ರ ಸುಮಾರಿಗೇ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಹೋಗಿದೆ, ಪಾಪ ಅವನು ನೋಡೇ ಇಲ್ಲ. ಪುಣೆಯಲ್ಲಿರೋ ಚಿಕ್ಕಪ್ಪನ ಮಗಳದ್ದು ಇನ್ನೊಂದು ಕಥೆ, ಮಹಾರಾಷ್ಟ್ರದಲ್ಲಿ 1994ರ ಕಾಯ್ದೆ ಬಂದ ಮೇಲೆ ಮಾರ್ಕ್ಸ್ ನೋಡಿ ಆರಿಸ್ತಿದ್ರು, 2016ರ ಹೊಸ ಕಾಯ್ದೇಲಿ ಮತ್ತೆ ಚುನಾವಣೆ ಅಂತ ಬರೆದ್ರು, 2019ರಲ್ಲಿ ಇನ್ನೇನು ಆಗೇ ಬಿಡತ್ತೆ ಅನ್ನೋವಾಗ ಅದೂ ಮುಂದಕ್ಕೆ ಹೋಯ್ತು. ಗೋವಾದಲ್ಲಿ ನಡೀತಾವೆ. ಕಾಲೇಜಲ್ಲಿ ಸಿಆರ್ ಅಂದ್ರೆ ಕ್ಲಾಸ್ ರೆಪ್ರೆಸೆಂಟೇಟಿವ್, ಜಿಎಸ್, ಆಮೇಲೆ ಯುಎಫ್‌ಆರ್ ಅಂದ್ರೆ ಯೂನಿವರ್ಸಿಟಿ ಫ್ಯಾಕಲ್ಟಿ ರೆಪ್ರೆಸೆಂಟೇಟಿವ್, ಈ ಯುಎಫ್‌ಆರ್‌ಗಳು ಗೋವಾ ಯೂನಿವರ್ಸಿಟಿ ಮಟ್ಟಕ್ಕೆ ಹೋಗೋರು, ಹಂಗಾಗಿ ಆ ಪೋಸ್ಟಿಗೆ ಹೊರಗಿನ ದೊಡ್ಡವರ ಕಣ್ಣೂ ಇರತ್ತೆ.

ಮನೇಲಿ ಹೇಳಿದಾಗ ಅಪ್ಪ ಒಂದೇ ಮಾತು, "ನಿನ್ನ ಓದಾಕ ಕಳಿಸೇನಿ, ಓಟ ಕೇಳಾಕಲ್ಲ." ಅವ್ವ ಮಾತ್ರ ರೊಟ್ಟಿ ಬಡಿತಾನೇ "ಗೆದ್ರ ಏನ ಕೊಡ್ತಾರಬೇ?" ಅಂದ್ಲು. ಏನೂ ಕೊಡಲ್ಲ ಅಂದೆ. "ಮತ್ಯಾಕ?" ಅಂದ್ಲು. ಉತ್ತರ ಹೊಳೀಲಿಲ್ಲ, ಚಾ ಕುಡಿದು ಎದ್ದು ಹೋದೆ.

ಉತ್ತರ ಇದ್ದಿದ್ದು ಎರಡನೇ ಮಹಡಿ ಲೇಡೀಸ್ ಟಾಯ್ಲೆಟ್‌ನಲ್ಲಿ. ಅಲ್ಲಿ ಮೂರು ಬಾಗಿಲಲ್ಲಿ ಒಂದಕ್ಕೂ ಚಿಲಕ ಇಲ್ಲ. ನಡುವಿನ ಬಾಗಿಲಿಗೆ ಯಾರೋ ಹಳೇ ಐಡಿ ಕಾರ್ಡಿನ ದಾರ ಕಟ್ಟಿದ್ರು, ಒಳಗೆ ಕೂತವರು ಅದನ್ನ ಎಡಗೈಗೆ ಸುತ್ಕೊಂಡು ಎಳ್ಕೊಂಡಿರಬೇಕು, ಹೊರಗೆ ಒಬ್ಬ ಗೆಳತಿ ಕಾವಲು. ದಾರದ ಮೇಲೆ ಕಾಲೇಜಿನ ಹೆಸರು ಇನ್ನೂ ನೀಟಾಗಿ ಓದೋಕೆ ಬರ್ತಿತ್ತು. ಹಿಂದಿನ ವರ್ಷದ ಕ್ಯಾಂಡಿಡೇಟ್‌ಗಳ ಭಾಷಣ ನೆನಪಿದೆ, ಡಿಜೆ, ಫೆಸ್ಟ್, ಫೆಸ್ಟ್‌ಗೆ ಯಾರು ಬರ್ತಾರೆ, ಬರೀ ಇದೇ. ಚಿಲಕದ ಮಾತು ಒಬ್ಬರೂ ಎತ್ತಿರಲಿಲ್ಲ. ಇದು ನನಗೊಬ್ಬಳಿಗೇ ತಲೆಬೇನೆನಾ ಎಲ್ಲರಿಗೂನಾ ಅಂತ ತಿಳ್ಕೊಳೋಣ ಅಂತ ಸರ್ವೇ ಶುರು ಮಾಡಿದ್ದು. ಗೆಳತಿ ಒಬ್ಬಳು "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ" ಅಂತ ನಕ್ಕಳು.

ಮೊದಲು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪ್‌ಗಳಿಗೆ ಬಿಟ್ಟೆ. ರಾತ್ರಿ ಹತ್ತರ ಹೊತ್ತಿಗೆ ಉತ್ತರಗಳು ಸುರಿಯೋಕೆ ಶುರು, ಖುಷಿಯೋ ಖುಷಿ, ಬೆಳಿಗ್ಗೆ ತೆಗೆದು ನೋಡಿದ್ರೆ "ಕಾಲೇಜಿಗೆ ಏನು ಬೇಕು" ಅನ್ನೋ ಪ್ರಶ್ನೆಗೆ ಒಬ್ಬ ಹುಡುಗನ ಹೆಸರು ಸಾಲಾಗಿ ಕೂತಿದೆ, ಅವನ ಗ್ಯಾಂಗ್ ಕೂತು ತುಂಬಿದ್ದು. ಒಬ್ಬರಿಗೆ ಒಂದೇ ಉತ್ತರ ಅನ್ನೋ ಸೆಟ್ಟಿಂಗ್ ಗೂಗಲ್ ಫಾರ್ಮ್‌ನಲ್ಲಿದೆ, ಅದನ್ನ ಆನ್ ಮಾಡಿದ್ರೆ ಜೀಮೇಲ್ ಲಾಗಿನ್ ಕೇಳತ್ತೆ, ಲಾಗಿನ್ ಕೇಳಿದ ಕೂಡ್ಲೆ ಅರ್ಧ ಜನ ಹೆಸರು ಗೊತ್ತಾಗತ್ತೆ ಅಂತ ಹೆದರಿ ಬಿಟ್ಟು ಹೋಗ್ತಾರೆ. ಎರಡೂ ಕಡೆ ಲುಕ್ಸಾನು.

ಆಗ ಸ್ಟ್ಯಾಟಿಸ್ಟಿಕ್ಸ್ ಸರ್ ಹತ್ರ ಹೋದೆ. ಅವರು ಅಮೆರಿಕದ್ದೊಂದು ಹಳೇ ಕಥೆ ಹೇಳಿದ್ರು. 1936ರ ಅಧ್ಯಕ್ಷರ ಚುನಾವಣೆಗೆ ಮುಂಚೆ, ಯಾರಿಗೆ ಓಟು ಅಂತ ಕೇಳಿ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಉತ್ತರ ವಾಪಸ್ ಬಂದು, ಲ್ಯಾಂಡನ್ ಗೆಲ್ತಾನೆ ಅಂತ ಬರೀತಂತೆ. ಗೆದ್ದಿದ್ದು ರೂಸ್‌ವೆಲ್ಟ್, 48 ರಾಜ್ಯದಲ್ಲಿ 46. ಕಾರ್ಡ್ ಹೋಗಿದ್ದೇ ಟೆಲಿಫೋನು ಕಾರು ಇದ್ದವರ ಪಟ್ಟಿ ಹಿಡ್ಕೊಂಡು, ಅದರಲ್ಲೂ ತಿರುಗಿ ಬರೆದವರು ಯಾರು ಅಂದ್ರೆ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಜಾಸ್ತಿ. "ಎಷ್ಟು ಜನ ಹೇಳಿದ್ರು ಅನ್ನೋದು ಆಮೇಲೆ, ಯಾರನ್ನ ಕೇಳಿದೆ ಅನ್ನೋದು ಮೊದಲು ನೋಡು" ಅಂದ್ರು. ಅವರೇ ದಾರಿ ತೋರಿಸಿದ್ರು: ಪ್ರತಿ ಕ್ಲಾಸಿನ ರೋಲ್ ನಂಬರ್ ಪಟ್ಟಿ ತಗೊಂಡು ಇಂತಿಷ್ಟು ನಂಬರಿಗೊಬ್ಬರು ಅಂತ ಆರಿಸಿ ಅವರ ಹತ್ರ ನೀನೇ ಹೋಗು, ಸಿಗದಿದ್ರೆ ಮಾರನೇ ದಿನ ಮತ್ತೆ ಹೋಗು, ಪಕ್ಕದಲ್ಲಿ ಕೂತವನನ್ನ ಕೇಳಿ ತುಂಬಿಸಬೇಡ. ನೂರು ಜನರನ್ನ ಹಂಗೆ ಸರಿಯಾಗಿ ಆರಿಸಿ ಕೇಳಿದ್ರೆ ಲೆಕ್ಕ ಸುಮಾರು ಹತ್ತು ಪರ್ಸೆಂಟ್ ಆಚೆ ಈಚೆ ಇರಬಹುದು, ಅದನ್ನ ಐದಕ್ಕೆ ಇಳಿಸ್ಬೇಕಂದ್ರೆ ನಾನೂರು ಜನ ಬೇಕು. ನಾನು ನೂರರ ಆಸುಪಾಸಿಗೇ ಕೈ ಮುಗಿದೆ, ಚಿಲಕ ಬೇಕಾ ಬೇಡ್ವಾ ಅಂತ ತಿಳಿಯೋಕೆ ಅಷ್ಟು ಸಾಕು.

ಒಂದೇ ಹಾಳೆ, ಆರು ಪ್ರಶ್ನೆ, ಹೆಸರು ಬರೆಯಂಗಿಲ್ಲ, ಮಡಚಿ ಶೂ ಬಾಕ್ಸಿಗೆ ಹಾಕ್ಬೇಕು. ಪ್ರಶ್ನೆ ಬರೆಯೋದು ಅಂದ್ಕೊಂಡಷ್ಟು ಸುಲಭ ಅಲ್ಲ. "ಟಾಯ್ಲೆಟ್ ಸರಿ ಇಲ್ಲ ಅಲ್ವಾ?" ಅಂತ ಬರೆದಿದ್ದೆ, ಸರ್ ಅದನ್ನ ಹೊಡೆದು ಹಾಕಿ "ಉತ್ತರ ನೀನೇ ಹೇಳಿ ಕೊಡ್ತಿದೀಯ" ಅಂದ್ರು. ಆಮೇಲೆ ಬಸ್ಸು, ಲೈಬ್ರರಿ ಟೈಮು, ಕ್ಯಾಂಟೀನು, ಟಾಯ್ಲೆಟ್ಟು, ಫೆಸ್ಟು, ಐದನ್ನೂ ಸಾಲಾಗಿ ಬರೆದು ನಿಮಗೆ ಮುಖ್ಯ ಅನ್ಸಿದ್ದಕ್ಕೆ ನಂಬರ್ ಕೊಡಿ ಅಂತ ಮಾಡಿದೆ. ಸಂಜೆ ಅಡುಗೆ ಮನೇಲಿ ಕೂತು ತಮ್ಮ ಓದ್ತಾ ಹೋದ, ನಾನು ಗೀಟು ಎಳೀತಾ ಹೋದೆ. ಹುಡುಗೀರ ಹಾಳೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟಾಯ್ಲೆಟ್ಟೇ ಮೊದಲು, ಹುಡುಗರದ್ದು ಬಸ್ಸು, ವಾಸ್ಕೋ ಕಡೆಯಿಂದ ಬೆಳಿಗ್ಗೆ ಬರೋ ಕದಂಬ, ಅಂದ್ರೆ ಇಲ್ಲಿನ ಸರ್ಕಾರಿ ಬಸ್, ತುಂಬಿ ಬಂದು ನಿಲ್ಲಿಸೋದೇ ಇಲ್ಲ ಅಂತ. ಫೆಸ್ಟ್ ಇಬ್ಬರಲ್ಲೂ ಕೊನೆಗೆ! ಒಂದು ಹಾಳೇಲಿ ಕೆಳಗೆ "ಘಾಂಟಿಗಳು ವಾಪಸ್ ಹೋಗಿ" ಅಂತ ಬರೆದಿತ್ತು. ಘಾಂಟಿ ಅಂದ್ರೆ ಘಟ್ಟದ ಆಚೆಯಿಂದ ಬಂದ ನಮ್ಮಂಥವರಿಗೆ ಇಲ್ಲಿ ಬೈಯೋ ಮಾತು. ತಮ್ಮ ಓದೋದು ನಿಲ್ಲಿಸಿ ನನ್ನ ಮುಖ ನೋಡಿದ. ಅದರಲ್ಲೂ ಲೈಬ್ರರಿಗೆ ಒಂದನೇ ನಂಬರ್ ಕೊಟ್ಟಿದ್ರು, ಅದನ್ನೂ ಲೆಕ್ಕಕ್ಕೆ ತಗೋ ಅಂದೆ.

ಇದಾಗಿ ಸ್ವಲ್ಪ ದಿನಕ್ಕೆ ನೋಟಿಸ್ ಬೋರ್ಡಲ್ಲಿ ಇಲೆಕ್ಷನ್ ನೋಟಿಸ್ ಬಂತು, ಚೌತಿ ರಜೆ ಒಳಗೆ ಎಲ್ಲಾ ಮುಗಿಸ್ಬೇಕು ಅಂತ. ಇಲ್ಲಿ ಒಂದು ವಿಷಯ. ಎಲ್ಲಾ ಕಡೆ ಲಿಂಗ್ಡೋ ಲಿಂಗ್ಡೋ ಅಂತಾರಲ್ಲ, ಅದು ವಿದ್ಯಾರ್ಥಿ ಚುನಾವಣೆ ಹೆಂಗೆ ನಡೆಸ್ಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿ, ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರದ್ದು, 2006ರಲ್ಲಿ ವರದಿ ಕೊಟ್ರು, ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಸುಪ್ರೀಂ ಕೋರ್ಟ್ ಇದರಂತೆ ನಡೆಸಿ ಅಂತ ಆದೇಶ ಮಾಡ್ತು. ನಾಮಿನೇಷನ್‌ನಿಂದ ರಿಸಲ್ಟ್ ತನಕ ಹತ್ತು ದಿನದಲ್ಲಿ ಮುಗೀಬೇಕು ಅಂತ ಅದರಲ್ಲೇ ಇದೆ. ಪೂರ್ತಿ ವರದಿ ನೆಟ್‌ನಲ್ಲಿ ಸಿಗತ್ತೆ, ದಯವಿಟ್ಟು ಕ್ಯಾಂಡಿಡೇಟ್ ಅರ್ಹತೆ, ಖರ್ಚು, ದೂರು ಈ ಮೂರು ಭಾಗ ಪ್ರಿಂಟ್ ತೆಗೆದು ಬ್ಯಾಗಲ್ಲಿಟ್ಕೊಳ್ಳಿ. ಆಫೀಸಿನವರಿಗೂ ಪೂರ್ತಿ ಗೊತ್ತಿರಲ್ಲ, ನನಗೆ ಕ್ಲರ್ಕ್ ಒಬ್ಬರು ಹದಿನೈದು ವರ್ಷದ ರೆಸಿಡೆನ್ಸ್ ಸರ್ಟಿಫಿಕೇಟ್ ಬೇಕಾಗಬಹುದು ಅಂದ್ರು. ಮಾಮ್ಲೇದಾರ್, ಅಂದ್ರೆ ನಮ್ಮ ಕಡೆ ತಹಶೀಲ್ದಾರ್, ಅವರ ಆಫೀಸ್ ಅಲೆಯೋದು ನೆನೆಸ್ಕೊಂಡೇ ಜೀವ ಹೋಯ್ತು. ಬೇಡ! ರೆಗ್ಯುಲರ್ ಫುಲ್ ಟೈಮ್ ವಿದ್ಯಾರ್ಥಿ ಆಗಿರಬೇಕು, ಡಿಗ್ರಿಯವರಿಗೆ ವಯಸ್ಸು 17ರಿಂದ 22, ಆ ವರ್ಷ ಬ್ಯಾಕ್‌ಲಾಗ್ ಇರಬಾರದು, ಅಟೆಂಡೆನ್ಸ್ 75 ಪರ್ಸೆಂಟ್ ಅಥವಾ ಯೂನಿವರ್ಸಿಟಿ ಹೇಳಿದ್ದು ಯಾವುದು ಜಾಸ್ತಿನೋ ಅಷ್ಟು, ಕ್ರಿಮಿನಲ್ ಕೇಸಲ್ಲಿ ವಿಚಾರಣೆ ಆಗಲಿ ಶಿಕ್ಷೆ ಆಗಲಿ ಆಗಿರಬಾರದು. ಊರು ಯಾವುದು ಅಂತ ಎಲ್ಲೂ ಕೇಳಿಲ್ಲ. ಆ ಪುಟ ತೋರಿಸಿದೆ, ಅವರು ಕನ್ನಡಕ ಹಾಕ್ಕೊಂಡು ಓದಿ "ಸರಿ ಹಾಗಾದ್ರೆ" ಅಂದ್ರು.

ನನ್ನ ನಿಜವಾದ ಕಷ್ಟ ಅಟೆಂಡೆನ್ಸ್. ಒಂದು ಸಬ್ಜೆಕ್ಟ್‌ನ ಮೇಡಂ ಹೆರಿಗೆ ರಜೆ ಮೇಲೆ ಹೋಗಿದ್ರು, ಮಧ್ಯೆ ಗೆಸ್ಟ್ ಲೆಕ್ಚರರ್ ಒಬ್ಬರು ಪಾಠ ಮಾಡಿ ಹೋದ್ರು, ಅವರ ರಿಜಿಸ್ಟರ್ ಸಿಸ್ಟಮ್‌ಗೆ ಏರೇ ಇಲ್ಲ, ಹಂಗಾಗಿ ಕಂಪ್ಯೂಟರ್‌ನಲ್ಲಿ ನಾನು 71 ಪರ್ಸೆಂಟ್. ಇಡೀ ಕ್ಲಾಸಿಂದೂ ಹಂಗೇ ಇತ್ತು ಆದ್ರೆ ಬೇಕಾಗಿದ್ದು ನನಗೊಬ್ಬಳಿಗೆ. ಆ ಗೆಸ್ಟ್ ಸರ್ ಈಗ ಫೋಂಡಾ ಕಡೆ ಕೆಲಸಕ್ಕಿದಾರೆ. ಧೋ ಅಂತ ಮಳೆ, ಬಸ್ ಬದಲಾಯಿಸಿಕೊಂಡು ಹೋಗಿ ಅವರು ಕ್ಲಾಸ್ ಮುಗಿಸಿ ಬರೋ ತನಕ ಗೇಟ್ ಹತ್ರ ವಾಚ್‌ಮನ್ ಕುರ್ಚಿ ಪಕ್ಕ ನಿಂತಿದ್ದೆ. ಪುಣ್ಯಾತ್ಮರು, ರಿಜಿಸ್ಟರ್ ಪುಟಗಳ ಫೋಟೋ ಫೋನಲ್ಲಿಟ್ಕೊಂಡಿದ್ರು, ಲೆಟರ್ ಬರೆದು ಸೈನ್ ಹಾಕಿ ಕೊಟ್ರು. ವಾಪಸ್ ಬಂದು ಎಚ್‌ಒಡಿ ಸೈನು, ಆಮೇಲೆ ಆಫೀಸು, ಆಫೀಸಲ್ಲಿ ಊಟದ ಟೈಮು. ನಾಮಿನೇಷನ್ ಕಿಟಕಿ ಮುಚ್ಚೋಕೆ ಸ್ವಲ್ಪ ಮುಂಚೆ ಕೈಗೆ ಬಂತು. ಅದಕ್ಕೇ ಹೇಳ್ತೀನಿ, ನಿಲ್ಲೋ ಯೋಚನೆ ಇದ್ರೆ ಜೂನ್ ಜುಲೈನಲ್ಲೇ ಒಂದ್ಸಲ ಅಟೆಂಡೆನ್ಸ್ ಶೀಟ್ ತೆಗೆಸಿ ನೋಡಿ, ನೋಟಿಸ್ ಬಂದ ಮೇಲೆ ಟೈಮ್ ಇರಲ್ಲ. ನನ್ನ ಜೊತೆ ಫಾರ್ಮ್ ಹಾಕಿದ್ದ ಒಬ್ಬ ಹುಡುಗಂದು ರೀವ್ಯಾಲ್ಯುವೇಶನ್ ರಿಸಲ್ಟ್ ಬಂದಿರಲಿಲ್ಲ, ಬರೋ ತನಕ ಎಟಿಕೆಟಿ, ಅಂದ್ರೆ ಬ್ಯಾಕ್‌ಲಾಗ್ ಅಂತಲೇ ಲೆಕ್ಕ ಅಂದು ರಿಜೆಕ್ಟ್ ಮಾಡಿದ್ರು, ಅವನಿಗೆ ಮಾಡೋಕೆ ಏನೂ ಇರಲಿಲ್ಲ.

ಮತ್ತೊಂದು, ನಿಮ್ಮ ಕಾಲೇಜಲ್ಲಿ ಓಟ್ ಯಾರು ಹಾಕೋದು ಅಂತ ಮೊದಲೇ ಕೇಳ್ಕೊಳ್ಳಿ. ನೇರವಾಗಿ ಎಲ್ಲರೂ ಹಾಕೋದೂ ಇದೆ, ಕ್ಲಾಸಿಗೊಬ್ಬ ಸಿಆರ್‌ನ ಆರಿಸಿ ಆ ಸಿಆರ್‌ಗಳು ಸೇರಿ ಜಿಎಸ್‌ನ ಆರಿಸೋದೂ ಇದೆ, ಲಿಂಗ್ಡೋ ವರದಿ ಎರಡಕ್ಕೂ ಜಾಗ ಕೊಡತ್ತೆ. ನಮ್ಮದು ಎರಡನೇದು. ಅಂದ್ರೆ ಮೊದಲು ನಾನು ನನ್ನ ಕ್ಲಾಸಲ್ಲಿ ಸಿಆರ್ ಆಗಬೇಕು, ಅದು ಚೀಟಿ ಹಾಕಿ ಆರಾಮಾಗಿ ಆಯ್ತು. ಆದ್ರೆ ಆಮೇಲೆ ಇಡೀ ಕಾಲೇಜಿಗೆ ಏನು ಬೇಕು ಅಂತ ನನ್ನ ಹತ್ರ ಇದ್ದ ಲೆಕ್ಕಕ್ಕೆ ಬೆಲೆನೇ ಇಲ್ಲ, ಬೆಲೆ ಇರೋದು ಇಪ್ಪತ್ತು ಚಿಲ್ಲರೆ ಸಿಆರ್‌ಗಳ ಮನಸ್ಸಿಗೆ, ಅದರಲ್ಲಿ ಹುಡುಗೀರು ಕಮ್ಮಿ. ಕನ್ನಡ ಸಂಘದ ಕಾಕಾ ಒಬ್ಬರು ಮನೆಗೆ ಬಂದಾಗ "ನಮ್ಮವರೆಲ್ಲಾ ಒಂದಾದ್ರ ಮುಗೀತಲ್ಲ" ಅಂದ್ರು. ಕಾಕಾ, ಸಿಆರ್‌ಗಳಲ್ಲಿ ಕನ್ನಡದವರು ನಾನೊಬ್ಬಳೇ ಅಂದೆ. ಇದ್ದಿದ್ರೂ ಆ ಹೆಸರಲ್ಲಿ ಕೇಳೋದು ನನಗೆ ಸರಿ ಅನ್ಸ್ತಿರಲಿಲ್ಲ, ಚಿಲಕಕ್ಕೆ ಯಾವ ಭಾಷೆ.

ಪೋಸ್ಟರ್ ಕೈಯಲ್ಲೇ ಬರೀಬೇಕು, ಪ್ರಿಂಟ್ ಮಾಡಿಸಂಗಿಲ್ಲ, ಅದೂ ಅವರು ಹೇಳಿದ ಗೋಡೆ ಮೇಲೇ. ಆಗಸ್ಟ್ ಮಳೇಲಿ ಸ್ಕೆಚ್ ಪೆನ್ ತಗೋಬೇಡಿ. ನನ್ನ ಮೊದಲ ಚಾರ್ಟು ಕಾರಿಡಾರಲ್ಲಿ ಒಂದು ರಾತ್ರಿ ಇದ್ದು ಬೆಳಿಗ್ಗೆ ನೋಡಿದ್ರೆ ನೀಲಿ ಬಣ್ಣ ಇಳಿದು ನನ್ನ ಹೆಸರಿನ ಕೊನೇ ಎರಡಕ್ಷರ ನೆಲದಲ್ಲಿತ್ತು. ಆಮೇಲೆ ಪರ್ಮನೆಂಟ್ ಮಾರ್ಕರ್ ತಂದೆ, ದುಬಾರಿ ಆದ್ರೂ ಉಳೀತು.

ಇಷ್ಟಾಗೋವಾಗ ದೂರು ಬಂತು. ಎದುರು ಗುಂಪಿನವರು ನನ್ನ ಸರ್ವೇ ಹಾಳೆ ಹಿಡ್ಕೊಂಡು ಹೋಗಿ "ಇದು ಜೆರಾಕ್ಸ್ ಹೊಡೆಸಿದ ಪ್ರಚಾರ ಸಾಮಗ್ರಿ, ನಿಯಮ ಉಲ್ಲಂಘನೆ, ನಾಮಿನೇಷನ್ ರದ್ದು ಮಾಡಿ" ಅಂತ ಬರೆದು ಕೊಟ್ಟಿದ್ರು. ನೋಟಿಸ್ ಕೈಗೆ ಬಂದಾಗ ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ, ಮನೆಗೆ ಗೊತ್ತಾದ್ರೆ ಅನ್ನೋದೇ ಮೊದಲು ಬಂದ ಯೋಚನೆ. ಇದನ್ನ ವಿಚಾರಿಸೋದು ದೂರು ಪರಿಹಾರ ಸೆಲ್, ವಿದ್ಯಾರ್ಥಿ ವಿಭಾಗ ನೋಡ್ಕೊಳ್ಳೋ ಟೀಚರ್ ಮುಖ್ಯಸ್ಥರು, ಒಬ್ಬ ಹಿರಿಯ ಲೆಕ್ಚರರ್, ಒಬ್ಬ ಆಫೀಸ್ ಅಧಿಕಾರಿ, ಕೊನೇ ವರ್ಷದ ಒಬ್ಬ ಹುಡುಗ ಒಬ್ಬ ಹುಡುಗಿ. ದೂರು ಬಂದ 24 ಗಂಟೆ ಒಳಗೆ ವಜಾ ಮಾಡ್ಬೇಕು ಇಲ್ಲಾ ಹಿಯರಿಂಗ್ ಕರೀಬೇಕು, ಹಿಯರಿಂಗ್‌ಗೆ ನಿಮಗೂ 24 ಗಂಟೆ ಟೈಮ್ ಕೊಡ್ಬೇಕು, ಎರಡೂ ಕಡೆಯವರು ಒಪ್ಪಿದ್ರೆ ಮಾತ್ರ ಬೇಗ ಇಡಬಹುದು. ನನ್ನ ಹತ್ರ "ಈಗಲೇ ಮುಗಿಸೋಣ, ಒಪ್ಕೋ" ಅಂತ ಒತ್ತಾಯ ಮಾಡಿದ್ರು. ಒಪ್ಪಲಿಲ್ಲ. ನೀವೂ ಒಪ್ಪಬೇಡಿ, ಆ ಒಂದು ದಿನ ಬೇಕಾಗತ್ತೆ.

ಆ ದಿನದಲ್ಲಿ ಜೆರಾಕ್ಸ್ ಅಂಗಡಿ ಬಿಲ್ ಹುಡುಕಿದೆ, ತಾರೀಖು ಇಲೆಕ್ಷನ್ ನೋಟಿಸ್‌ಗಿಂತ ಹಿಂದಿನದು. ಸ್ಟ್ಯಾಟಿಸ್ಟಿಕ್ಸ್ ಸರ್ ಎರಡು ಸಾಲು ಬರೆದು ಕೊಟ್ರು. ಒಳಗೆ ಕೂತಾಗ ಅಧಿಕಾರಿ ಹಾಳೇನ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ್ರು, ಎಲ್ಲಾದ್ರೂ ನನ್ನ ಹೆಸರಿದೆಯಾ ಅಂತ. ಇರಲಿಲ್ಲ. ಓಟ್ ಕೊಡಿ ಅಂತಲೂ ಇರಲಿಲ್ಲ. ದೂರು ಕೊಟ್ಟವನನ್ನ "ಇದರಿಂದ ನಿನಗೇನು ನಷ್ಟ ಆಯ್ತು?" ಅಂತ ಕೇಳಿದ್ರು, ಅವನು "ಇವಳಿಗೆ ಜನ ಏನು ಕೇಳ್ತಾರೆ ಅಂತ ಮೊದಲೇ ಗೊತ್ತಾಯ್ತಲ್ಲ" ಅಂದ, ಕೊನೇ ವರ್ಷದ ಹುಡುಗಿ ನಗು ತಡೆಯೋಕೆ ನೀರಿನ ಬಾಟಲಿ ಎತ್ತಿಕೊಂಡಳು. ದೂರು ವಜಾ ಆಯ್ತು, ಆದ್ರೆ ಓಟಿಂಗ್ ಮುಗಿಯೋ ತನಕ ಸರ್ವೇ ಲೆಕ್ಕ ಎಲ್ಲೂ ಹೇಳಬಾರದು, ಹಾಳೆಗಳು ಆಫೀಸಲ್ಲಿ ಸೀಲ್ ಆಗಿರಬೇಕು ಅಂದ್ರು. ಈ ಎರಡನೇದು ಯಾವ ನಿಯಮದಲ್ಲಿದೆ ಅಂತ ಕೇಳಬಹುದಿತ್ತು, ಗೆದ್ದಷ್ಟು ಸಾಕು ಅಂತ ಸುಮ್ಮನೆ ಬಂದೆ. ಭಾಷಣದಲ್ಲಿ ಅಂಕಿ ಹೇಳಲಿಲ್ಲ, ಐಡಿ ದಾರದ ಕಥೆ ಹೇಳಿದೆ. ಹುಡುಗೀರು ಚಪ್ಪಾಳೆ ಹೊಡೆದ್ರು, ಪಾಪ ಅವರಲ್ಲಿ ಮುಕ್ಕಾಲು ಜನಕ್ಕೆ ಓಟಿಲ್ಲ.

ಓಟಿಂಗ್ ಹಿಂದಿನ ದಿನ ಸುಮಾರು ಸಿಆರ್‌ಗಳ ಫೋನ್ ಒಟ್ಟಿಗೇ ಸ್ವಿಚ್ ಆಫ್. ಕಾಣಕೋಣ ಕಡೆ ಯಾರದೋ "ಬರ್ತ್‌ಡೇ ಪಾರ್ಟಿ"ಗೆ ಹೋಗಿದಾರಂತೆ. ಮಾರನೇ ಬೆಳಿಗ್ಗೆ ಟೆಂಪೋ ಟ್ರಾವೆಲರ್ ನೇರ ಗೇಟಿಗೇ ಬಂದು ನಿಂತಿತು, ಕಣ್ಣುಜ್ಜಿಕೊಂಡು ಒಬ್ಬೊಬ್ಬರೇ ಇಳಿದ್ರು, ಇಬ್ಬರ ತಲೇಲಿ ಇನ್ನೂ ಪಾರ್ಟಿ ಟೋಪಿ. ಟಿವೀಲಿ ಬೆಂಗಳೂರಿನ ಎಮ್ಮೆಲ್ಲೆಗಳ ರೆಸಾರ್ಟ್ ನೋಡಿ ನಕ್ಕಿದ್ದವಳಿಗೆ ಇದು ನೋಡಿ ಅಪ್ಪನಿಗೆ ಫೋನ್ ಮಾಡಿ ಹೇಳ್ಬೇಕು ಅನ್ಸ್ತು, ಆಮೇಲೆ ಬಿಟ್ಟೆ. ಲಿಂಗ್ಡೋ ಪ್ರಕಾರ ಒಬ್ಬ ಕ್ಯಾಂಡಿಡೇಟ್ ಖರ್ಚು 5,000 ರೂಪಾಯಿ ದಾಟಂಗಿಲ್ಲ, ಆ ಮಿತಿಯೊಳಗೆ ಟ್ರಾವೆಲರ್ ಹೆಂಗೆ ಬಂತು ಅಂತ ಕೇಳಿದವರಿಗೆ "ಬರ್ತ್‌ಡೇ ಹುಡುಗನ ಖರ್ಚು" ಅಂದ್ರಂತೆ.

ಎರಡು ಓಟಲ್ಲಿ ಸೋತೆ. ಎರಡು ಬ್ಯಾಲೆಟ್ ರಿಜೆಕ್ಟ್ ಆಗಿದ್ವು, ಒಂದು ಖಾಲಿ, ಇನ್ನೊಂದರಲ್ಲಿ ನನ್ನ ಹೆಸರಿಗೆ ಗುರುತು ಹಾಕಿ ಪಕ್ಕದಲ್ಲಿ ನಗೋ ಮುಖ ಬರೆದಿದ್ರು, ಗುರುತು ಬಿಟ್ಟು ಬೇರೇನು ಬರೆದ್ರೂ ನಡೆಯಲ್ಲ ಅಂತ ಪಕ್ಕಕ್ಕಿಟ್ರು. ಅದನ್ನ ಸೇರಿಸಿದ್ರೂ ಸೋಲೇ. ನಿಮ್ಮ ಕಡೆಯವರಿಗೆ ಓಟ್ ಹೆಂಗೆ ಹಾಕೋದು ಅಂತ ಒಂದ್ಸಲ ಬರೆದು ತೋರಿಸಿ, ಕಾಲೇಜ್ ಓದೋರು ಅಂತ ಬಿಡಬೇಡಿ.

ಸೋತ ಮೇಲೂ ಕೆಲಸ ಇದೆ, ಇದು ಯಾರೂ ಹೇಳಲ್ಲ. ರಿಸಲ್ಟ್ ಬಂದ ಎರಡು ವಾರದೊಳಗೆ ಖರ್ಚಿನ ಲೆಕ್ಕ ಕೊಡ್ಬೇಕು, ಗೆದ್ದವರು ಕೊಡದಿದ್ರೆ ಅಥವಾ 5,000 ದಾಟಿದ್ರೆ ಆಯ್ಕೆನೇ ರದ್ದಾಗಬಹುದು. ನನ್ನ ಒಟ್ಟು ಖರ್ಚು 1,300 ರೂಪಾಯಿ ಒಳಗೆ: ಚಾರ್ಟು, ಮಾರ್ಕರ್ರು, ಜೆರಾಕ್ಸು, ಪಾಸ್‌ಪೋರ್ಟ್ ಸೈಜ್ ಫೋಟೋ, ಫೋಂಡಾ ಬಸ್ಸು. ಚಿಕ್ಕ ಅಂಗಡಿಯವರು ಬಿಲ್ ಕೊಡಲ್ಲ, ಬಿಳಿ ಹಾಳೇಲಿ ಬರೆದು ಅಂಗಡಿ ಸೀಲ್ ಹಾಕಿಸ್ಕೊಳ್ಳಿ, ತಗೊಂಡ ದಿನವೇ, ವಾರ ಬಿಟ್ಟು ಹೋದ್ರೆ ಅವರಿಗೆ ನಿಮ್ಮ ಮುಖವೂ ನೆನಪಿರಲ್ಲ. ಇನ್ನೊಂದು, ಪದಾಧಿಕಾರಿ ಪೋಸ್ಟಿಗೆ ಒಬ್ಬರಿಗೆ ಒಂದೇ ಅವಕಾಶ, ಹಂಗಾಗಿ ನಾನು ಮತ್ತೆ ಜಿಎಸ್‌ಗೆ ನಿಲ್ಲಂಗಿಲ್ಲ. ಯಾವ ವರ್ಷ ನಿಲ್ಲೋದು ಅಂತ ಯೋಚನೆ ಮಾಡಿ ನಿಲ್ಲಿ. ಅವ್ವನಿಗೆ ಇದು ಹೇಳಿದಾಗ ಅವಳ ಮುಖದಲ್ಲಿ ಬಂದ ನೆಮ್ಮದಿ ನೋಡ್ಬೇಕಿತ್ತು.

ಸಿಆರ್ ಆಗಿರೋದ್ರಿಂದ ಕೌನ್ಸಿಲ್‌ನಲ್ಲಿ ನಾನೂ ಇದೀನಿ. ಚೌತಿ ರಜೆ ಮುಗಿದ ಮೇಲೆ ಮೊದಲನೇ ಮೀಟಿಂಗ್ ಆಯ್ತು, ಪ್ರಿನ್ಸಿಪಾಲ್ "ವಿದ್ಯಾರ್ಥಿಗಳ ಬೇಡಿಕೆ ಏನು, ಬರೆದು ಕೊಡಿ" ಅಂದ್ರು. ಹೊಸ ಜಿಎಸ್, ಅದೇ ದೂರು ಕೊಟ್ಟವನು, ಹೊರಗೆ ಬಂದು ಕ್ಯಾಂಟೀನ್ ಹತ್ರ "ಆ ನಿನ್ನ ಸರ್ವೇ ಲೆಕ್ಕ ಸಿಗತ್ತಾ?" ಅಂತ ಮೆಲ್ಲಗೆ ಕೇಳಿದ. ಕೊಡ್ತೀನಿ, ಆದ್ರೆ ಟಾಯ್ಲೆಟ್ ಚಿಲಕ ಒಂದನೇ ನಂಬರಲ್ಲಿ ಬರೀಬೇಕು, ಬಸ್ಸು ಎರಡು, ಕೆಳಗೆ ನಿನ್ನ ಸೈನು ತಾರೀಖು, ಒಂದು ಕಾಪಿ ನನಗೆ ಅಂದೆ. ಸೈನ್ ಹಾಕಿದ. ನೆಲಮಹಡಿಗೆ ಬಡಗಿ ಬಂದು ಹೋಗಿದಾನೆ, ಎರಡನೇ ಮಹಡಿಗೆ ಕೊಟೇಶನ್ ಬರಬೇಕಂತೆ, ಸೋಮವಾರ ಮತ್ತೆ ಆಫೀಸಿಗೆ ಹೋಗಿ ಕೇಳ್ಬೇಕು.